ಜಾರಿದ ಸೊನ್ನೆ

ಸಿಂದಗಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿಯಿದೆ. ಮೊದಲು ಕುಂಚ ಹಿಡಿದು ನಾಮಫಲಕ ಬರೆಯುತ್ತಿದ್ದವನು, ಈಗ ವಿನೈಲ್ ಹಾಳೆಯ ಮೇಲೆ ಮುದ್ರಿಸಿ ಅದರ ಅಂಚನ್ನು ತಾನೇ ಕತ್ತರಿಸುವ ಯಂತ್ರವೊಂದನ್ನು ಸಾಲ ಮಾಡಿ ತಂದು ಕುಳಿತಿದ್ದೇನೆ. ಜನರ ಬಾಯಲ್ಲಿ ನನ್ನದು ‘ರೇಡಿಯಂ ಅಂಗಡಿ’. ರೇಡಿಯಂ ಎಂಬ ಧಾತುವಿಗೂ ಈ ಹಾಳೆಗೂ ಯಾವ ಸಂಬಂಧವೂ ಇಲ್ಲ. ರಾತ್ರಿ ದೀಪ ಬಿದ್ದಾಗ ಹೊಳೆಯುವ ಸ್ಟಿಕ್ಕರಿಗೆ ನಮ್ಮ ಸೀಮೆಯಲ್ಲಿ ಹಾಗೆಂದು ಹೆಸರು ಬಿದ್ದಿದೆ, ಅಷ್ಟೇ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಅದನ್ನು ಕತ್ತರಿಸಿ ಕೊಡುವುದೇ ನನ್ನ ಮುಖ್ಯ ಕಾಯಕ.

ಕಳೆದ ಬಸವ ಜಯಂತಿಗೆ ಮೂರು ವಾರವಿದ್ದಾಗ ಬಸವನ ಬಾಗೇವಾಡಿಯಿಂದ ಕೆಲವರು ತರುಣರು ಬಂದರು. ಮನೆಮನೆಯ ಬಾಗಿಲಿಗೆ ಅಂಟಿಸಲು ಬಸವಣ್ಣನವರ ವಚನಗಳನ್ನು ವಿನೈಲ್ ಅಕ್ಷರಗಳಲ್ಲಿ ಕತ್ತರಿಸಿ ಕೊಡಬೇಕೆಂಬುದು ಅವರ ಅಪೇಕ್ಷೆ. ಒಟ್ಟು 60 ಹಾಳೆಗಳು. ಅಣ್ಣನವರ ಜನ್ಮಸ್ಥಳದ ಕೆಲಸವೆಂದು ನಾನು ಹಿಗ್ಗಿನಿಂದಲೇ ಒಪ್ಪಿಕೊಂಡೆ. ಅದೇ ವಾರ ಇಂಡಿಯ ಮಹಿಳೆಯರ ಗುಂಪೊಂದು ಲಿಂಬೆ ಉಪ್ಪಿನಕಾಯಿಯ ಬಾಟಲಿಗಳಿಗೆ ದುಂಡು ಲೇಬಲ್‌ಗಳನ್ನೂ ಕೇಳಿತ್ತು.

ಹಾಳೆಗಳನ್ನು ಕೊಟ್ಟು ಕಳುಹಿಸಿದ ಮರುದಿನ, ಅಂಗಡಿಯಲ್ಲಿ ಉಳಿದಿದ್ದ ಒಂದು ಪ್ರತಿಯನ್ನು ಮನೆಗೆ ಒಯ್ದು ನಮ್ಮ ಅವ್ವನಿಗೆ ತೋರಿಸಿದೆ. ಅವಳು ಕಲಿತದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ. ಆದರೆ ವಚನಗಳು ಬಾಯಿಪಾಠ. ಬೆರಳಿಟ್ಟು ಓದುತ್ತ ಅಂಕಿತಕ್ಕೆ ಬಂದು ನಿಂತಳು. “ಯಪ್ಪಾ, ಇಲ್ಲಿ ‘ಸಂ’ ಇಲ್ಲಲ್ಲೋ. ಬರೇ ‘ಸ’ ಐತಿ” ಎಂದಳು.

ನೋಡಿದೆ. ಕೂಡಲಸಂಗಮದೇವನ ಸೊನ್ನೆ ಹಾಳೆಯಲ್ಲಿರಲಿಲ್ಲ.

ಅಕ್ಷರಗಳನ್ನು ಕತ್ತರಿಸಿದ ಮೇಲೆ ಸುತ್ತಲಿನ ಬೇಡವಾದ ವಿನೈಲನ್ನು ಕಿತ್ತು ತೆಗೆಯುತ್ತೇವೆ. ಸೊನ್ನೆಯ ವೃತ್ತ ಎಲ್ಲಿ ಆರಂಭವಾಯಿತೋ ಅಲ್ಲಿಗೇ ಬಂದು ಮುಚ್ಚಿಕೊಳ್ಳದಿದ್ದರೆ, ಕೂದಲೆಳೆಯಷ್ಟು ಕೊಂಡಿ ಉಳಿದು, ಕಸದೊಡನೆ ಸೊನ್ನೆಯೂ ಎದ್ದು ಬರುತ್ತದೆ. ನಾಲ್ಕು ಮಿಲಿಮೀಟರಿನ ಬಳೆಯಂಥ ಸೊನ್ನೆ ಹೋದುದು ಅವಸರದಲ್ಲಿದ್ದ ಕಣ್ಣಿಗೆ ಕಾಣಿಸುವುದಿಲ್ಲ.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡಲಾರೆ. ಬ್ಲೇಡ್ ಸರಿಯಾಗಿ ಕತ್ತರಿಸುತ್ತಿಲ್ಲವೆಂಬುದು ನನಗೆ ಎರಡು ದಿನ ಮೊದಲೇ ತಿಳಿದಿತ್ತು. ಆದರೆ ಕಾರಣ ಹುಡುಕದೆ ಯಂತ್ರದ ಒತ್ತಡವನ್ನು ಹೆಚ್ಚಿಸುತ್ತ ಹೋದೆ. ಬ್ಲೇಡ್ ವಿನೈಲನ್ನು ದಾಟಿ ಕೆಳಗಿನ ಕಾಗದವನ್ನೂ ಸೀಳಿತು. ಕಾಗದದ ಕೆಳಗಿರುವ ಬಿಳಿಯ ಪಟ್ಟಿಯ ಮೇಲೆ ಗೀರು ಬಿತ್ತು. ಸೊಲ್ಲಾಪುರದ ಒಂದು ಅಂಗಡಿಯಿಂದ ಅಗ್ಗದ ಬ್ಲೇಡ್ ತರಿಸಿ ಹಾಕಿದೆ. ಅದರ ಮೊನೆ ಒಂದೇ ದಿನಕ್ಕೆ ಮುರಿಯಿತು. ಹಳೆಯದನ್ನೇ ಮತ್ತೆ ಹಾಕಿ ಬಾಗೇವಾಡಿಯ ಹಾಳೆಗಳನ್ನು ಮುಗಿಸಿದ್ದೆ.

ಮುದ್ದೇಬಿಹಾಳದಲ್ಲಿ ನನ್ನ ಸೋದರಮಾವ ಇದೇ ಕಸುಬಿನಲ್ಲಿ ಹಣ್ಣಾದವರು. ಬ್ಲೇಡ್ ಮತ್ತು ಅದರ ಹೋಲ್ಡರನ್ನು ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡು ತಾಳಿಕೋಟೆಯ ಮಾರ್ಗವಾಗಿ ಬಸ್ಸು ಹತ್ತಿದೆ. ಮಾವ ಕನ್ನಡಕ ತೆಗೆದು ಭೂತಗನ್ನಡಿಯಲ್ಲಿ ನೋಡಿದರು. “ಅಳಿಯಾ, ಇದರಲೇ ಟ್ರಾಲಿಗೆ ರೇಡಿಯಂ ಕತ್ತರಿಸಿದ್ಯೇನು?” ಎಂದು ಕೇಳಿದರು. ಹೌದೆಂದೆ. ಮುಂದಿನದನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ಹೊಳೆಯುವ ಆ ಹಾಳೆಯೊಳಗೆ ಗಾಜಿನ ಅತಿಸೂಕ್ಷ್ಮ ಮಣಿಗಳಿರುತ್ತವೆ. ದೀಪದ ಬೆಳಕನ್ನು ಹಿಂದಿರುಗಿಸುವುದೇ ಅವು. ಹಂಗಾಮಿನುದ್ದಕ್ಕೂ ಗಾಜನ್ನು ಕೊಯ್ದ ಮೊನೆಯಿಂದ ನಾನು ವಚನ ಕೊಯ್ಯಲು ಹೊರಟಿದ್ದೆ!

ಅಷ್ಟಕ್ಕೇ ಮುಗಿಯಲಿಲ್ಲ. ಮಾವ ಹೋಲ್ಡರನ್ನು ಬಿಚ್ಚಿ ಒಳಗಿನಿಂದ ಸೂಜಿಯಲ್ಲಿ ಒಂದು ಚೂರು ವಿನೈಲನ್ನೂ ನಮ್ಮೂರಿನ ಕಪ್ಪು ಧೂಳನ್ನೂ ಹೊರತೆಗೆದರು. ಈ ಬ್ಲೇಡನ್ನು ಯಾವ ಮೋಟಾರೂ ತಿರುಗಿಸುವುದಿಲ್ಲ. ಗಾಡಿಯ ಹಿಂದೆ ಟ್ರಾಲಿ ತಿರುಗುವಂತೆ, ಗೆರೆ ಹೋದತ್ತ ತಾನೇ ಹಿಂಬಾಲಿಸಿ ತಿರುಗಬೇಕು. ಅದರ ಮೊನೆ ನಡುಗಂಬದಿಂದ ತುಸು ಆಚೆಗಿರುತ್ತದೆ; ಸಾಮಾನ್ಯ ಬ್ಲೇಡಿಗೆ ಈ ಅಂತರ 0.25 ಮಿಲಿಮೀಟರ್. ಅಷ್ಟನ್ನೇ ಯಂತ್ರಕ್ಕೂ ತಿಳಿಸಿರಬೇಕು. ಕಡಿಮೆ ಹೇಳಿದರೆ ಮೂಲೆಗಳು ದುಂಡಾಗುತ್ತವೆ, ಹೆಚ್ಚು ಹೇಳಿದರೆ ಮೂಲೆಗೆ ಕಿವಿ ಮೂಡುತ್ತದೆ. ಎರಡರಲ್ಲೂ ವೃತ್ತದ ತುದಿಗಳು ಕೂಡುವುದಿಲ್ಲ. ಧೂಳಿನಿಂದ ಬ್ಲೇಡ್ ಬಿಗಿಹಿಡಿದರೂ ಅದೇ ಗತಿ. ಹೊಸ ಬ್ಲೇಡನ್ನು ಹೋಲ್ಡರಿಗೆ ಹಾಕಿದ ಮೇಲೆ ಅದು ಸರಾಗವಾಗಿ ತಿರುಗುತ್ತದೆಯೇ ಎಂದು ನೋಡದೆ ಯಂತ್ರಕ್ಕೆ ಜೋಡಿಸಬಾರದೆಂದು ಮಾವ ತಾಕೀತು ಮಾಡಿದರು.

ಇಂಗ್ಲಿಷ್ ಅಕ್ಷರದಲ್ಲಿ ನೇರಗೆರೆಗಳು ಬಹಳ. ಮೊಂಡು ಬ್ಲೇಡಾದರೂ ಹೇಗೋ ಸಾಗುತ್ತದೆ. ನಮ್ಮ ಲಿಪಿಯೋ ಅಡಿಯಿಂದ ಮುಡಿಯವರೆಗೆ ದುಂಡು. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ನೇರವಾಗಿ ಗೀರಿದರೆ ಗರಿ ಸೀಳುತ್ತಿತ್ತು, ಆದ್ದರಿಂದಲೇ ಅಕ್ಷರಗಳು ದುಂಡಾದವು ಎಂದು ಬಲ್ಲವರು ಹೇಳುವುದುಂಟು. ಆ ಗರಿಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ. ಗು. ಹಳಕಟ್ಟಿಯವರು ನಮ್ಮ ವಿಜಯಪುರದಲ್ಲಿಯೇ ಬಾಳಿದವರು. ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆ ಆರಂಭಿಸಿದರು. ಬಸ್ಸಿನಲ್ಲಿ ಹಿಂದಿರುಗುವಾಗ ಅದೆಲ್ಲ ನೆನಪಾಗಿ ನನಗೆ ತಲೆಯೆತ್ತಲಾಗಲಿಲ್ಲ.

ಊರಿಗೆ ಬಂದವನೇ ಗೀರು ಬಿದ್ದ ಬಿಳಿಯ ಪಟ್ಟಿಯನ್ನು ಬದಲಿಸಿದೆ. ಅದು ಹಾಗೆಯೇ ಇದ್ದರೆ ಹೊಸ ಬ್ಲೇಡ್ ಕೂಡ ಗೀರಿನ ಮೇಲೆ ಬಂದಾಗ ಕೆಳಗಿಳಿದು ಒಂದೆಡೆ ಆಳ, ಒಂದೆಡೆ ತೇಲು ಕತ್ತರಿಸುತ್ತದೆ. ಮೊನೆಯನ್ನು ವಿನೈಲಿನ ದಪ್ಪಕ್ಕಿಂತ ತುಸುವೇ ಹೆಚ್ಚು ಹೊರಗಿಟ್ಟೆ. ಒತ್ತಡವನ್ನು ತಳಮಟ್ಟಕ್ಕೆ ಇಳಿಸಿ, ಪ್ರತಿಬಾರಿ ಸ್ವಲ್ಪಸ್ವಲ್ಪವೇ ಏರಿಸುತ್ತ ಚೌಕದೊಳಗೊಂದು ಸೊನ್ನೆಯನ್ನು ಕತ್ತರಿಸಿ ನೋಡಿದೆ. ವಿನೈಲ್ ಕಿತ್ತ ಮೇಲೆ ಹಿಂಬದಿಯ ಕಾಗದದಲ್ಲಿ ಬೆರಳಿಗೆ ಸಿಗುವಷ್ಟು ಗೆರೆ ಮಾತ್ರ ಇರಬೇಕು, ಬೆಳಕಿಗೆ ಹಿಡಿದರೆ ತೂತು ಕಾಣಬಾರದು. ಏಳನೆಯ ಸಲಕ್ಕೆ ಹದ ಸಿಕ್ಕಿತು.

ಬಾಗೇವಾಡಿಯಿಂದ ಯಾರೂ ದೂರು ಹೇಳಿರಲಿಲ್ಲ. ನನ್ನ ಮಗ “ಅಪ್ಪಾಜಿ, ಅವರೇ ಸುಮ್ನ ಅದಾರ, ನಾವ್ಯಾಕ ಹೇಳೂದ್ರಿ?” ಎಂದ. ಹನ್ನೊಂದು ಮೀಟರ್ ವಿನೈಲ್ ಆಗಲೇ ಹಾಳಾಗಿತ್ತು, ಬ್ಯಾಂಕಿನ ಕಂತು ಎದುರಿಗಿತ್ತು. ಅವನು ಹೇಳಿದ್ದು ತಪ್ಪೆಂದು ನನಗೂ ತಕ್ಷಣ ಅನ್ನಿಸಲಿಲ್ಲ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಪೂಜೆ ಮುಗಿಸಿ ಅವರಿಗೆ ಫೋನು ಮಾಡಿದೆ. ಹಾಳೆಗಳು ಆಗಲೇ ಬಾಗಿಲುಗಳ ಮೇಲೇರಿದ್ದವು. ಸೊನ್ನೆಗಳನ್ನಷ್ಟೇ ಕತ್ತರಿಸಿದ ಒಂದು ಪಟ್ಟಿ, ಒಂದು ಚಿಮಟ ಹಿಡಿದು ಓಣಿ ಓಣಿ ತಿರುಗಿದೆ. ಇಪ್ಪತ್ತಮೂರು ಬಾಗಿಲುಗಳಲ್ಲಿ ಸೊನ್ನೆ ಇರಲಿಲ್ಲ. ಎರಡರಲ್ಲಿ ಒತ್ತಕ್ಷರವೂ ಹೋಗಿತ್ತು. ಒಂದು ಮನೆಯ ಅಜ್ಜಿ ಬರಿದಾದ ಜಾಗದಲ್ಲಿ ವಿಭೂತಿಯಿಂದ ತಾವೇ ಒಂದು ಸೊನ್ನೆ ಇಟ್ಟಿದ್ದರು. “ಅದನ್ನ ಬಿಡೋ ತಮ್ಮಾ, ಚಲೋ ಐತಿ” ಎಂದು ನನಗೆ ಮುಟ್ಟಗೊಡಲಿಲ್ಲ. ಮಜ್ಜಿಗೆ ಕುಡಿದು ಮುಂದಿನ ಮನೆಗೆ ನಡೆದೆ.

ಇಂಡಿಯ ಲೇಬಲ್‌ಗಳದು ಬೇರೆಯೇ ಕಥೆ. ಅವುಗಳ ಅಂಚು ಸುರುಳಿಯಾಗಿ ಏಳುತ್ತಿತ್ತು. ಅದನ್ನೂ ಬ್ಲೇಡಿನ ತಲೆಗೇ ಕಟ್ಟಿದ್ದೆ. ನಿಜಸಂಗತಿ ಇಷ್ಟೇ: ಮುದ್ರಿಸಿದ ಕೂಡಲೇ ಕತ್ತರಿಸುತ್ತಿದ್ದೆ. ಸಾಲ್ವೆಂಟ್ ಶಾಯಿ ಆರಲು ಒಂದು ಪೂರ್ತಿ ದಿನ ಬೇಕು. ಅದಕ್ಕೆ ಮೊದಲು ಹಾಳೆ ಮೆತ್ತಗಿರುತ್ತದೆ, ಅಂಟು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಇನ್ನು ಚಿತ್ರ ಒಂದೆಡೆ, ಕತ್ತರಿಸಿದ ವೃತ್ತ ಒಂದೆಡೆ ಸರಿದಿದ್ದರೆ ಬ್ಲೇಡನ್ನು ಬದಲಿಸಿ ಪ್ರಯೋಜನವಿಲ್ಲ. ಮೂಲೆಯ ಗುರುತುಗಳನ್ನು ಯಂತ್ರದ ಕಣ್ಣು ಸರಿಯಾಗಿ ಓದಿಲ್ಲವೆಂದೇ ಅರ್ಥ. ಲೇಬಲ್‌ಗಳನ್ನು ಎರಡು ದಿನ ತಡವಾಗಿ ಕೊಟ್ಟೆ. ಆ ತಾಯಂದಿರು ಬೈಯಲಿಲ್ಲ, ಒಂದು ಬಾಟಲಿ ಉಪ್ಪಿನಕಾಯಿ ಕೊಟ್ಟರು.

ಈಗ ಅಂಗಡಿಯಲ್ಲಿ ಬ್ಲೇಡ್‌ಗಳಿಗೆ ಎರಡು ಡಬ್ಬಿಗಳಿವೆ. ಒಂದರ ಮೇಲೆ ‘ರೇಡಿಯಂ’ ಎಂದು ಮಗ ಬರೆದಿದ್ದಾನೆ. ಕತ್ತರಿಸಿದ ಹಾಳೆಗಳನ್ನು ಕೊಡುವ ಮುನ್ನ ಅವ್ವನ ಮುಂದೆ ಹಿಡಿಯುತ್ತೇನೆ.