ಅರಳು ಮರಳು ಅಂದುಬಿಟ್ಟಿದ್ದೆ

ಕಳೆದ ವರ್ಷ ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಅಮ್ಮನ ಫೋನ್ ಬಂತು. ಒಂಬತ್ತೂವರೆಗೆ ನನಗೆ ಸ್ಟ್ಯಾಂಡಪ್ ಮೀಟಿಂಗ್ ಇರುತ್ತೆ ಅಂತ ಅವರಿಗೆ ಗೊತ್ತು. ಆದರೂ ಮಾಡಿದ್ದರು.

"ಅಜ್ಜಿ ನೆನ್ನೆ ರಾತ್ರಿಯಿಂದ ಒಂಥರಾ ಆಡ್ತಾವ್ರೆ ಕಣೋ. ಅಟ್ಟದ ಮೇಲೆ ಯಾರೋ ಕೂತವ್ರೆ, ಕಾಯಿ ಕದೀತಾವ್ರೆ ಅಂತಾರೆ. ನಿದ್ದೇನೇ ಮಾಡಿಲ್ಲ."

"ವಯಸ್ಸಾಯ್ತಲ್ಲಮ್ಮಾ, ಅರಳು ಮರಳು. ಸಂಜೆ ಮಾಡ್ತೀನಿ" ಅಂದೆ. ಸಂಜೆ ಮಾಡಲಿಲ್ಲ.

ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ತೆಂಗು ಬಿಟ್ಟು ಬೇರೆ ಮಾತಿಲ್ಲದ ಸೀಮೆ. ಕೆಡವಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಉಂಡೆಯಾದ ಮೇಲೇ ಅದು ತಿಪಟೂರು ಮಾರುಕಟ್ಟೆಗೆ ಹೋಗೋದು. ಯಾವ ಕಾಯಿ ಆಗಿದೆ, ಯಾವುದು ಆಗಿಲ್ಲ ಅಂತ ನಮ್ಮನೆಯಲ್ಲಿ ಹೇಳುತ್ತಿದ್ದವರು ಅಜ್ಜಿ. ಕಿವಿ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಮುಗೀತು. "ಇದು ಇನ್ನೂ ನೀರು, ಇಡು" ಅನ್ನೋರು. ಅವರಿಗೆ ಈಗ 78. ಎರಡು ವರ್ಷದಿಂದ ಸಣ್ಣಪುಟ್ಟ ಮರೆವು ಇತ್ತು. ಸಾರಿಗೆ ಎರಡು ಸಲ ಉಪ್ಪು ಹಾಕೋದು, ಹೇಳಿದ್ದನ್ನೇ ಹೇಳೋದು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಬುಧವಾರ ಅಪ್ಪ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನಿದ್ದೆ ಮಾತ್ರೆ, ಒಂದು ಟಾನಿಕ್. ಶುಕ್ರವಾರ ರಾತ್ರಿ ನಾನು ಊರಿಗೆ ಹೋದಾಗ ಅಜ್ಜಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಮಾತಾಡಿಸಿದೆ. ತಿರುಗಿ ನೋಡಿ, "ಯಾವೂರಪ್ಪ ನಿಂದು?" ಅಂದರು. ಬೆಂಗಳೂರಿಂದ ಬಸ್ಸಿನಲ್ಲಿ ಕೂತು ಬಂದವನಿಗೆ ಉತ್ತರ ಕೊಡೋಕೆ ಆಗಲಿಲ್ಲ.

ಮಾರನೇ ದಿನ ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ ಪ್ರಶ್ನೆ: "ಯಾವಾಗಿಂದ ಹೀಗೆ?" ನಾನು ತಿಳಿದವನ ಹಾಗೆ "ಎರಡು ವರ್ಷದಿಂದ ಮರೆವಿದೆ ಮೇಡಂ" ಅಂದೆ. ಅಮ್ಮ ನನ್ನ ಮಾತು ತಡೆದು, "ಇಲ್ಲ ಮೇಡಂ, ಹಿಂಗೆ ಶುರುವಾಗಿದ್ದು ಭಾನುವಾರ ರಾತ್ರಿ" ಅಂದರು.

ಅವರು ಬರೆಯೋದು ನಿಲ್ಲಿಸಿದರು. ವರ್ಷಗಟ್ಟಲೆ ನಿಧಾನಕ್ಕೆ ಬರೋ ಮರೆವೇ ಬೇರೆ, ಒಂದು ರಾತ್ರಿಯಲ್ಲಿ ಬರೋ ಗಲಿಬಿಲಿಯೇ ಬೇರೆ, ಎರಡನೆಯದಕ್ಕೆ ಡೆಲಿರಿಯಂ ಅಂತಾರೆ, ದೇಹದಲ್ಲಿ ಎಲ್ಲೋ ಏನೋ ಆಗಿದೆ ಅಂತ ಅರ್ಥ ಅಂದರು. ರಕ್ತ ಮತ್ತು ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು. ಮೂತ್ರದಲ್ಲಿ ಸೋಂಕು. ಜ್ವರ ಇರಲಿಲ್ಲ, ಉರಿ ಅಂತ ಅಜ್ಜಿ ಹೇಳಿರಲಿಲ್ಲ. ವಯಸ್ಸಾದವರಲ್ಲಿ ಎಷ್ಟೋ ಸಲ ಗಲಿಬಿಲಿಯೊಂದೇ ಲಕ್ಷಣವಂತೆ.

ಆಫೀಸಿನಲ್ಲಿ ಏನಾದರೂ ಕೆಟ್ಟರೆ ನಾನು ಕೇಳೋ ಮೊದಲ ಪ್ರಶ್ನೆಯೂ ಇದೇ: ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ? ಸೋಮವಾರವೇ ಅಮ್ಮ ಅದಕ್ಕೆ ಉತ್ತರ ಹೇಳಿದ್ದರು.

ಮೂತ್ರಕೋಶದ ಸೋಂಕಿಗೂ ಮೊಮ್ಮಗನ ಮುಖ ಮರೆಯೋದಕ್ಕೂ ಏನು ಸಂಬಂಧ? ಆ ರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಓದಿದೆ. ಆಮೇಲೂ ವಾರಗಟ್ಟಲೆ ಓದಿದೆ.

ಇನ್‌ಫ್ಲಮೇಶನ್‌ಗೆ ಕನ್ನಡದಲ್ಲಿ ಉರಿಯೂತ ಅಂತಾರೆ. ಮುಳ್ಳು ಚುಚ್ಚಿದ ಜಾಗ ಕೆಂಪಗೆ ಬಿಸಿಯಾಗಿ ಊದುತ್ತಲ್ಲ, ಅದು. ದೇಹ ತನ್ನನ್ನು ಕಾಪಾಡಿಕೊಳ್ಳೋ ರೀತಿ. ಮಿದುಳಿಗೂ ಅದರದೇ ಕಾವಲುಗಾರರಿದ್ದಾರೆ, ಮೈಕ್ರೋಗ್ಲಿಯಾ ಅನ್ನೋ ಕೋಶಗಳು. 1919ರಲ್ಲಿ ಸ್ಪೇನಿನ ರಿಯೋ ಒರ್ತೆಗಾ ಇವನ್ನು ಗುರುತಿಸಿ ಹೆಸರಿಟ್ಟ. ಕಸ ಗುಡಿಸೋದು, ಸೋಂಕು ಬಂದರೆ ಹೋರಾಡೋದು ಇವುಗಳ ಕೆಲಸ. ವಯಸ್ಸಾದ ಮಿದುಳಿನಲ್ಲಿ, ಅದರಲ್ಲೂ ಅಲ್ಜೈಮರ್ ಶುರುವಾದ ಮಿದುಳಿನಲ್ಲಿ, ಇವು ಮೊದಲೇ ಅರ್ಧ ಕೆರಳಿ ಕೂತಿರುತ್ತವೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೆ. ದೇಹದಲ್ಲಿ ಬೇರೆಲ್ಲೋ ಸೋಂಕಾದಾಗ ಅದರ ಸುದ್ದಿ ರಕ್ತದ ಮೂಲಕ, ನರಗಳ ಮೂಲಕ ಮಿದುಳಿಗೆ ಮುಟ್ಟುತ್ತೆ. ಆಗ ಇವು ಅಗತ್ಯಕ್ಕಿಂತ ಜಾಸ್ತಿ ಉರಿದು, ಕಾಯಬೇಕಾದ ನರಕೋಶಗಳಿಗೇ ಹಾನಿ ಮಾಡುತ್ತವೆ.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕ್ಲೈವ್ ಹೋಮ್ಸ್ ಮತ್ತು ಜೊತೆಗಾರರು 300 ಅಲ್ಜೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನಗೆ ನಿಜಕ್ಕೂ ಭಯವಾಯ್ತು. ಆ ಅವಧಿಯಲ್ಲಿ ಸೋಂಕು, ಪೆಟ್ಟಿನಂಥ ಉರಿಯೂತದ ಘಟನೆ ಆದವರಲ್ಲಿ ನೆನಪು, ತಿಳಿವಳಿಕೆ ಕುಸಿದ ವೇಗ ಎರಡರಷ್ಟಿತ್ತು. ಅಂದರೆ ಸೋಂಕು ವಾಸಿಯಾದರೂ ಹೋಗಿದ್ದೆಲ್ಲ ವಾಪಸ್ ಬರದೇ ಇರಬಹುದು. ನನ್ನ ಐದು ದಿನಗಳ ಲೆಕ್ಕ ಅಲ್ಲಿಂದ ಶುರುವಾಯ್ತು.

ಹಾಗಾದ್ರೆ ಉರಿಯೂತ ಇಳಿಸೋ ಮಾತ್ರೆ ನುಂಗಿದರಾಯ್ತಲ್ಲ ಅಂತ ನಿಮಗೂ ಅನಿಸಬಹುದು. ಸಂಧಿವಾತಕ್ಕೆ ವರ್ಷಗಟ್ಟಲೆ ಅಂಥ ಮಾತ್ರೆ ತಿಂದವರಲ್ಲಿ ಅಲ್ಜೈಮರ್ ಕಡಿಮೆ ಅಂತ 1990ರ ದಶಕದಲ್ಲೇ ಸಂಶೋಧಕರು ಗಮನಿಸಿದ್ದರು. ಅಮೆರಿಕದಲ್ಲಿ ಎರಡು ಔಷಧಿಗಳನ್ನು ದೊಡ್ಡದಾಗಿ ಪರೀಕ್ಷೆ ಮಾಡಿದರು. ಹೃದಯಕ್ಕೆ ಅಪಾಯ ಅನ್ನೋ ಆತಂಕದಿಂದ 2004ರಲ್ಲಿ ನಿಲ್ಲಿಸಿದರು. ರೋಗ ತಡೆದ ಪುರಾವೆಯೂ ಸಿಗಲಿಲ್ಲ.

ಇಷ್ಟರಲ್ಲಿ ಚಿಕ್ಕಮ್ಮ ವಾಟ್ಸಾಪ್‌ನಲ್ಲಿ ಕಳಿಸಿದರು: ಅಶ್ವಗಂಧದಿಂದ ಮರೆವು ಮಾಯ. ಬೈಯೋಣ ಅಂತ ಹುಡುಕಿದರೆ ಅದರ ಬೇರು ನಿಜವಾದ ಸಂಶೋಧನೆಯಲ್ಲೇ ಇತ್ತು. ನಿಮ್ಹಾನ್ಸ್‌ನಲ್ಲಿದ್ದು, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಕಟ್ಟಿದ ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2012ರಲ್ಲಿ ಪ್ರಕಟಿಸಿದ್ದು. ಆದರೆ ಅದು ಇಲಿಗಳ ಮೇಲೆ. ಅಲ್ಜೈಮರ್ ಬರುವಂತೆ ಬೆಳೆಸಿದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರ ಕೊಟ್ಟಾಗ ಮಿದುಳಿನಲ್ಲಿ ಶೇಖರವಾಗಿದ್ದ ಅಮೈಲಾಯ್ಡ್ ಇಳಿಯಿತು. ಅದಕ್ಕಿಂತ ನನಗೆ ಸ್ವಾರಸ್ಯ ಅನಿಸಿದ್ದು, ಸಾರ ಕೆಲಸ ಮಾಡಿದ್ದು ಯಕೃತ್ತಿನ ಮೂಲಕ ಅನ್ನೋದು. ಮಿದುಳಿನ ಕಸ ಎಳೆದಿದ್ದು ಹೊಟ್ಟೆಯೊಳಗಿನ ಅಂಗ! ಅಜ್ಜಿಯ ವಿಷಯದಲ್ಲಿ ನಾನು ತಪ್ಪಿದ್ದೂ ಅಲ್ಲೇ. ಮಿದುಳು ಬೇರೆ, ಮೈ ಬೇರೆ ಅಂದುಕೊಂಡಿದ್ದೆ. ಚಿಕ್ಕಮ್ಮನಿಗೆ "ಅದು ಇಲಿಗಳಿಗೆ ಚಿಕ್ಕಮ್ಮ" ಅಂತ ಬರೆದೆ. ಅವರು ಕೈ ಮುಗಿದ ಎಮೋಜಿ ಕಳಿಸಿದರು.

ಅದೇ ವಿಜಯಲಕ್ಷ್ಮಿ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾದರು. ಆ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸೋ ಅಧ್ಯಯನ ಕೈಗೊಂಡಿದ್ದಾರೆ. ರಕ್ತ, ಜೀನ್, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲಾ. ಅಲ್ಲಿ ಮಾವು, ಇಲ್ಲಿ ತೆಂಗು. ಉಳಿದಂತೆ ನಮ್ಮೂರಿನಂಥದೇ ಜನ. ಮರೆವಿನ ಬಗ್ಗೆ ನಾನು ಓದಿದ ಹೆಚ್ಚಿನದೆಲ್ಲ ಯೂರೋಪು, ಅಮೆರಿಕದ ಓದುಬರಹ ಬಲ್ಲವರ ಮೇಲೆ ನಡೆದದ್ದು. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅನ್ನೋದು 2023ರ ಅಂದಾಜು. ಅದರಲ್ಲಿ ಶಾಲೆ ಮೆಟ್ಟಿಲು ಹತ್ತದವರು ಎಷ್ಟಿಲ್ಲ! ಆಸ್ಪತ್ರೆಯಲ್ಲಿ ಅಜ್ಜಿಯನ್ನು ಇವತ್ತು ತಾರೀಕು ಎಷ್ಟು ಅಂತ ಕೇಳಿದಾಗ ನನಗೆ ನಗು ಬಂತು. ಅಜ್ಜಿ ಚೆನ್ನಾಗಿದ್ದಾಗಲೂ ತಾರೀಕು ಹೇಳಿದವರಲ್ಲ. "ದೀಪಾವಳಿ ಆಗಿ ಎಂಟು ದಿನ" ಅನ್ನೋದು ಅವರ ಲೆಕ್ಕ.

ಆಂಟಿಬಯಾಟಿಕ್ ಶುರುವಾದ ನಾಲ್ಕನೇ ದಿನ ಅಜ್ಜಿ, "ಊಟ ಮಾಡ್ದೇನೋ ಮಗಾ?" ಅಂದರು. ಅಮ್ಮ ಕಾರಿಡಾರಿಗೆ ಹೋಗಿ ಅತ್ತರು.

ಸೋಂಕು ಯಾಕೆ ಬಂತು ಅನ್ನೋದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಟಾಯ್ಲೆಟ್ ಹಿತ್ತಲಲ್ಲಿದೆ. ಮಧ್ಯೆ ಎರಡು ಮೆಟ್ಟಿಲು, ಲೈಟಿಲ್ಲ. "ರಾತ್ರಿ ಹೊತ್ತು ಯಾರ್ನ ಎಬ್ಬಿಸ್ಲಿ? ಅದ್ಕೇ ಮಧ್ಯಾಹ್ನದ ಮೇಲೆ ನೀರೇ ಕುಡಿಯಲ್ಲ" ಅಂದರು, ತುಂಬಾ ಜಾಣತನದ ಉಪಾಯ ಹೇಳುವಂತೆ. ನೀರು ಕಡಿಮೆ ಕುಡಿದು ಮೂತ್ರ ಕಟ್ಟಿಕೊಂಡಿದ್ದೇ ಸೋಂಕಿಗೆ ದಾರಿಯಾಗಿರಬೇಕು ಅಂದರು ಡಾಕ್ಟರಮ್ಮ. ಬೆಂಗಳೂರಿನ ನನ್ನ ಫ್ಲ್ಯಾಟಿನಲ್ಲಿ ಎರಡು ಬಾತ್‌ರೂಮ್ ಇವೆ, ಇರೋದು ನಾನೊಬ್ಬ. ಆ ತಿಂಗಳೇ ಅಜ್ಜಿಯ ಕೋಣೆಗೆ ಹೊಂದಿಸಿ ಒಂದು ಕಟ್ಟಿಸಿದೆವು. ಈಗ ಅಮ್ಮ ಫೋನ್ ಮಾಡಿದರೆ ಮೊದಲು ಹೇಳೋದು "ಇವತ್ತು ಆರು ಲೋಟ".

ಎರಡು ತಿಂಗಳ ನಂತರ ತೋರಿಸಿದಾಗ ಡಾಕ್ಟರಮ್ಮ ಡಿಮೆನ್ಷಿಯಾ ಶುರುವಾಗಿದೆ ಅಂದರು. ಸೋಮವಾರವೇ ಬಂದಿದ್ದರೆ? ಅಂತ ಕೇಳಿದೆ. "ಮರೆವು ಮೊದಲೇ ಇತ್ತಲ್ಲ. ಮುಂದಿನ ಸಲ ಕಾಯಬೇಡಿ" ಅಂದರು. ಅವರು ಒಳ್ಳೆಯವರು.

ಸಂಕ್ರಾಂತಿಗೆ ಹೋದಾಗ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಅಜ್ಜಿ ಪಡಸಾಲೆಯಲ್ಲಿ ಕೂತು ಒಂದು ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಇನ್ನೊಂದು ಸಲ. ಮತ್ತೂ ಒಂದು ಸಲ. ಆಮೇಲೆ ಅಮ್ಮನ ಕೈಗೆ ಕೊಟ್ಟು, "ನೀನೇ ನೋಡವ್ವ" ಅಂದರು.

ಅಮ್ಮ ಅಲ್ಲಾಡಿಸಿ, "ಆಗೈತೆ ಅತ್ತೆ" ಅಂದರು.

"ಆಗೈತಾ? ಹಂಗಾದ್ರೆ ಆ ಕಡೆ ಹಾಕು" ಅಂತ ಅಜ್ಜಿ ಮುಂದಿನ ಕಾಯಿಗೆ ಕೈ ಚಾಚಿದರು.