ಉಗುರಿನ ಮೇಲೆ ಹಾಲು

ಮುಂಬಯಿಯ ಸಾಂತಾಕ್ರೂಜ್ ಪೂರ್ವದಲ್ಲಿ ನಮ್ಮ ಗಲ್ಲಿಯ ಮೂಲೆಗಿದ್ದ ಹಾಲಿನ ಬೂತನ್ನು ಮೊನ್ನೆ ಕಿತ್ತುಹಾಕಿದರು. ಅಲ್ಲಿ ಹಾಲು ನಿಂತು, ಬರೀ ಚಿಪ್ಸು ಮಾರತೊಡಗಿ ವರ್ಷಗಳಾಗಿದ್ದವು. "ಹಾಲಿಗೆ ಅಂತ ಬೇರೆ ಗೂಡು ಯಾಕೆ ಅಜ್ಜ?" ಎಂದಳು ಮೊಮ್ಮಗಳು.

1969ರಲ್ಲಿ ಉಡುಪಿ ಕಡೆಯಿಂದ ಬಂದು ಸ್ಟೇಷನ್ ಬಳಿಯ ಹೋಟೆಲು ಸೇರಿದಾಗ ನನಗೆ ಹದಿನಾಲ್ಕು. ನಮಗೆ ಗೊತ್ತಿದ್ದದ್ದು ಎರಡೇ ಹಾಲು: ಸರಕಾರದ ಆರೆ, ಎಮ್ಮೆ ಸಾಕುವ ತಬೇಲೆಯ ಭೈಯ್ಯ. ಆರೆಯದು ಗಾಜಿನ ಬಾಟ್ಲಿ, ಅಲ್ಯುಮಿನಿಯಂ ಹಾಳೆಯ ಮುಚ್ಚಳ. ಅದಕ್ಕೆ ಕಾರ್ಡ್ ಬೇಕು. ಕಾರ್ಡಿಲ್ಲದವರಿಗೆ ಭೈಯ್ಯನೇ ಗತಿ.

ನಮ್ಮ ಭೈಯ್ಯ ಜೋಗೇಶ್ವರಿಯಿಂದ ನಸುಕಿನ ಲೋಕಲ್ಲಿನಲ್ಲಿ ಬರುತ್ತಿದ್ದ. ಹಾಲು ತುಳುಕದಿರಲೆಂದು ಕ್ಯಾನಿನ ಬಾಯಿಗೆ ಹುಲ್ಲು ತುರುಕಿರುತ್ತಿದ್ದ. ಆ ಒದ್ದೆ ಹುಲ್ಲಿನ, ಎಮ್ಮೆಯ ಬಿಸಿ ಮೈಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಚಾ ಮಾಡುವ ಭಟ್ಟರು ಬೆರಳದ್ದಿ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ನಿಲ್ಲಿಸುತ್ತಿದ್ದರು. ಹನಿ ಜಾರಿದರೆ ನೀರು ಬೆರೆತಿದೆಯೆಂದು ಮುಖ ಗಂಟಿಕ್ಕುತ್ತಿತ್ತು.

ಬೇಸಿಗೆಯಲ್ಲಿ ಎಮ್ಮೆ ಹಾಲು ಕಡಿಮೆ ಕೊಡುತ್ತದೆ, ಭೈಯ್ಯ ದರ ಏರಿಸುತ್ತಿದ್ದ. ಒಮ್ಮೆ ಹತ್ತು ಪೈಸೆ ಹೆಚ್ಚು ಕೇಳಿದ. ಭಟ್ಟರು ಮಾತಾಡದೆ ಒಂದು ಲೀಟರ್ ಅಳೆದು ಕಬ್ಬಿಣದ ಬಾಣಲೆಗೆ ಸುರಿದರು. ಗಿರಾಕಿಗಳು ಚಾಕ್ಕೆ ಕಾಯುತ್ತಿದ್ದರೂ ಸೌಟು ನಿಲ್ಲಲಿಲ್ಲ. ಖೋವಾ ತೂಗಿದರೆ 200 ಗ್ರಾಂ ಇರಬೇಕಾದಲ್ಲಿ 150. ಭೈಯ್ಯ ತಲೆ ತಗ್ಗಿಸಿ ಹಳೇ ದರಕ್ಕೇ ಒಪ್ಪಿದ.

ಅವನ ನೀರು ಹಾಲು ಕುಡಿದು ಬೆಳೆದ ಕೂಸುಗಳನ್ನೂ ಖೋಲಿಗಳಲ್ಲಿ ನೋಡಿದ್ದೇನೆ. ಆ ಕಾಲ ಒಳ್ಳೆಯದಿತ್ತು ಎನ್ನಲು ನಾಲಿಗೆ ಏಳುವುದಿಲ್ಲ. ಹಾಲು ಹಿಂಡುವವನ ಪಾಡೂ ಹಾಗೆಯೇ. ಕೊಳ್ಳುವವನು ಒಬ್ಬನೇ ಆದರೆ ಏನಾಗುತ್ತದೆಂದು ಗುಜರಾತಿನ ಖೇಡಾ ರೈತರು ಕಂಡಿದ್ದರು. ಪೋಲ್ಸನ್ ಎಂಬ ಡೈರಿ ಕಂಪನಿಗೆ ಹಾಲು ನಿಲ್ಲಿಸಿ 1946ರಲ್ಲಿ ತಮ್ಮದೇ ಸಂಘ ಕಟ್ಟಿದರು. ಅದೇ ಅಮುಲ್. 1970ರಲ್ಲಿ ಆಪರೇಷನ್ ಫ್ಲಡ್ ಶುರುವಾಯಿತು, ಹಳ್ಳಿಯ ಸಂಘಗಳ ಹಾಲು ಮುಂಬಯಿಗೆ ಹರಿಯಿತು. ಕಾರ್ಡೂ ಹೋಯಿತು, ಕ್ಯೂವೂ ಹೋಯಿತು. ಅದು ದೊಡ್ಡ ಕೆಲಸ.

ಈಗ ಅಂಗಡಿಯ ಫ್ರಿಜ್ಜಿನಲ್ಲಿ ಹತ್ತು ಹೆಸರಿನ ಹಾಲು. ಒಬ್ಬರು ಎರಡು ರೂಪಾಯಿ ಏರಿಸಿದರೆ ವಾರದೊಳಗೆ ಉಳಿದವರೂ ಏರಿಸುತ್ತಾರೆ. ಇದೆಂಥ ಪೈಪೋಟಿ? ಯಾರ ಮುಂದೆ ಬಾಣಲೆ ಇಡಲಿ?

ಹೋಟೆಲಿಗೆ ಪ್ಯಾಕೆಟ್ ಹಾಲು ಬಂದ ಮೊದಲ ದಿನ ಭಟ್ಟರು ಮೂಲೆ ಕತ್ತರಿಸಿ, ರೂಢಿಯಂತೆ ಒಂದು ಹನಿಯನ್ನು ಉಗುರಿನ ಮೇಲಿಟ್ಟರು. ಹನಿ ಜಾರಿತು. ಬಾಗಿಲ ಕಡೆ ನೋಡಿದರು. ಹಾಲು ಹಾಕಿದ ಟೆಂಪೊ ಆಗಲೇ ಹೋಗಿತ್ತು. ಕೈ ಒರೆಸಿಕೊಂಡು ಚಾಕ್ಕೆ ನೀರಿಟ್ಟರು.