ಕೆಂಪು ಚುಕ್ಕೆ

ಬ್ಯಾಂಕಿನ ನೌಕರಿಯ ನಿಮಿತ್ತ 1984ರಲ್ಲಿ ಮಣಿಪಾಲಕ್ಕೆ ಬಂದ ನಾವು ನಿವೃತ್ತಿಯ ನಂತರವೂ ಇಲ್ಲಿಯೇ ನೆಲೆ ನಿಂತೆವು. ರಾಣೆಬೆನ್ನೂರಿನ ಮನೆಗೆ ಬೀಗ ಹಾಕಿ ತಂದೆಯವರನ್ನು ಇಲ್ಲಿಗೆ ಕರೆತರುವಾಗ ಅವರು ಹಾಕಿದ ಷರತ್ತು ಒಂದೇ: ತಮ್ಮ ಮೋಟಾರ್ ಸೈಕಲ್ ಕೂಡ ಜೊತೆಗೆ ಬರಬೇಕು. ಹತ್ತಿಯ ವ್ಯಾಪಾರದಲ್ಲಿದ್ದ ಅವರು 1961ರಲ್ಲಿ ಕೈ ಬದಲಿಸಿ ಕೊಂಡ ಬಿ.ಎಸ್.ಎ. ಗಾಡಿ ಅದು, 1954ರ ಬಿ31 ಮಾದರಿ, 350 ಸಿ.ಸಿ.ಯದು. ಬಿ.ಎಸ್.ಎ. ಎಂದರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಸೈಕಲ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1861ರಲ್ಲಿ ಹುಟ್ಟಿದಾಗ ಅದು ಬಂದೂಕುಗಳ ಕಾರ್ಖಾನೆಯಾಗಿತ್ತು. ಸೈಕಲ್, ಮೋಟಾರ್ ಸೈಕಲ್‌ಗಳೆಲ್ಲ ಆಮೇಲಿನವು.

ಲಾರಿಯಿಂದ ಇಳಿದ ಗಾಡಿ ಎರಡು ಮಳೆಗಾಲ ಕಾರ್ ಶೆಡ್ಡಿನಲ್ಲಿ ನಿಂತಿತು. ಇಲ್ಲಿನ ಮಳೆಯನ್ನು ಬಯಲು ಸೀಮೆಯ ಓದುಗರಿಗೆ ವಿವರಿಸುವುದು ಕಷ್ಟ. ಮಲ್ಪೆಯ ಕಡಲು ಇಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರು. ಉಪ್ಪಿನ ಗಾಳಿ ಬೇರೆ. ಕಬ್ಬಿಣ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. 2022ರ ಬೇಸಿಗೆಯಲ್ಲಿ ಪೆಟ್ರೋಲ್ ಟ್ಯಾಂಕನ್ನು ಎತ್ತಿ ನೋಡಿದರೆ ರಬ್ಬರಿನ ಮೇಲೆ ನೂಲು ಹೆಣೆದ ಹಳೆಯ ತಂತಿಗಳು ಮುಟ್ಟಿದಲ್ಲೆಲ್ಲ ಪುಡಿಯಾಗಿ ಉದುರಿದವು. ತಂದೆಯವರಿಗೆ ಆಗ 88 ವರ್ಷ, ದೃಷ್ಟಿ ಮಂದವಾಗಿತ್ತು. ಅದರ ದೀಪ ಬೆಳಗುವುದನ್ನು ಅವರ ಕಣ್ಣಿನಲ್ಲಿ ಬೆಳಕು ಇರುವಾಗಲೇ ತೋರಿಸಬೇಕೆಂದು ನಾವು ಈ ಕೆಲಸಕ್ಕೆ ಕೈಹಾಕಿದೆವು.

ಮೊದಲು ಚಾಸಿಯನ್ನು ಬಿಚ್ಚಿ ಬಣ್ಣಕ್ಕೆ ಕೊಟ್ಟೆವು. ಕನ್ನಡಿಯಂತೆ ಹೊಳೆಯುತ್ತ ಬಂತು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮಲ್ಟಿಮೀಟರ್ ಹಿಡಿದು ನೆರವಿಗೆ ನಿಂತ. ಎಲ್ಲವನ್ನೂ 12 ವೋಲ್ಟಿಗೆ ಬದಲಿಸೋಣವೆಂಬುದು ಅವನ ಸಲಹೆ. ಅವನ ಲೆಕ್ಕ ಸರಿಯಾದದ್ದೇ. ಈ ಗಾಡಿಯ ಲ್ಯೂಕಸ್ ಡೈನಮೋದ ಶಕ್ತಿ 60 ವಾಟ್. 6 ವೋಲ್ಟಿನಲ್ಲಿ ಅದು 10 ಆಂಪಿಯರ್, 12 ವೋಲ್ಟಿನಲ್ಲಾದರೆ 5. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಅರ್ಧ ವೋಲ್ಟ್ ಸೋರಿದರೂ 6ರಲ್ಲಿ ಹನ್ನೆರಡನೆಯ ಒಂದು ಪಾಲು ಹೋದಂತೆ, ದೀಪ ಮಂಕಾಗುತ್ತದೆ. ಆದರೂ ತಂದೆಯವರು ಓಡಿಸಿದಂತೆಯೇ ಇರಲೆಂದು ನಾವು ಒಪ್ಪಲಿಲ್ಲ. ಉಡುಪಿಯಿಂದ ದಪ್ಪನೆಯ ತಂತಿ ತಂದೆವು.

ವಿದ್ಯುತ್ತು ದೀಪಕ್ಕೆ ಹೋಗುವುದು ತಂತಿಯ ಮೂಲಕ, ಬ್ಯಾಟರಿಗೆ ಮರಳುವುದು ಚಾಸಿಯ ಕಬ್ಬಿಣದ ಮೂಲಕ. ಹೊಸ ಬಣ್ಣ ಆ ದಾರಿಯನ್ನೇ ಮುಚ್ಚಿತ್ತು. ಬೋಲ್ಟು ಕೂರುವ ಸ್ಥಳಗಳಲ್ಲೆಲ್ಲ ಅಷ್ಟು ಚೆಂದದ ಬಣ್ಣವನ್ನು ಉಜ್ಜಿ ತೆಗೆಯಬೇಕಾಯಿತು. ಹೆಡ್‌ಲೈಟಿನ ವಿದ್ಯುತ್ತು ಮರಳಬೇಕಾದದ್ದು ಹ್ಯಾಂಡಲಿನ ಗ್ರೀಸು ಮೆತ್ತಿದ ಬೇರಿಂಗ್ ಮೂಲಕ. ಅದನ್ನು ನಂಬದೆ ಬೇರೊಂದು ತಂತಿಯನ್ನೇ ಎಳೆದೆವು. ಹದಿನೈದು ದಿನ ಹಿಡಿಯಿತು. ನಮ್ಮ ಶ್ರೀಮತಿಯವರು ಊಟದ ಮೇಜಿನ ಮೇಲೆ ಬೆಸುಗೆಯ ಕಲೆಗಳನ್ನು ಕಂಡು ಮಾತು ಬಿಟ್ಟದ್ದೂ ಆ ದಿನಗಳಲ್ಲಿಯೇ.

ಕೊನೆಗೆ ಬ್ಯಾಟರಿ ಇಟ್ಟು, ಇಂದಿನ ಎಲ್ಲ ಗಾಡಿಗಳಂತೆ ಋಣ ತುದಿಯನ್ನು ಚಾಸಿಗೆ ಬಿಗಿದೆವು. ಸ್ವಿಚ್ ತಿರುಗಿಸಿದೊಡನೆ ದೀಪ ಬೆಳಗಿತು. ನಮ್ಮ ಹಿಗ್ಗು ಹೇಳತೀರದು. ಕಿಕ್ಕು ಹೊಡೆದು ಇಂಜಿನ್ ವೇಗವಾಗಿಸಿದೆವು. ಕ್ಷಣಾರ್ಧದಲ್ಲಿ ಸೀಟಿನ ಕೆಳಗಿನಿಂದ ಹೊಗೆ! ಬ್ಯಾಟರಿಯ ತಂತಿಯನ್ನು ಕಿತ್ತೆಸೆಯುವಷ್ಟರಲ್ಲಿ ಬೆರಳು ಸುಟ್ಟಿತು, ಹೊಸ ವೈರಿಂಗಿನ ಅರ್ಧ ಕರಗಿತು. ಆ ಕಾಲದ ಈ ಗಾಡಿಯಲ್ಲಿ ಫ್ಯೂಸೇ ಇರಲಿಲ್ಲ, ನಾವೂ ಹಾಕಿರಲಿಲ್ಲ.

ತಂದೆಯವರು ಕೋಲೂರಿಕೊಂಡು ಶೆಡ್ಡಿನ ಬಾಗಿಲಿಗೆ ಬಂದರು. ಬ್ಯಾಟರಿಯೇ ಸರಿಯಿರಲಿಲ್ಲವೆಂದು ನಾವು ಸುಳ್ಳು ಹೇಳಿದೆವು. ಅರವತ್ತನ್ನು ದಾಟಿದ ಮೇಲೂ ತಂದೆಯ ಮುಂದೆ ಸುಳ್ಳು ನಾಲಿಗೆಗೆ ಬರುತ್ತದೆಯೆಂದು ಅಂದು ತಿಳಿಯಿತು.

ಅವರು ಗಾಡಿಯ ಮಗ್ಗುಲಲ್ಲಿ ಕುಳಿತು ಬ್ಯಾಟರಿಯ ಬಳಿಯ ಒಂದು ಬೋಲ್ಟನ್ನು ಬೆರಳಿನಿಂದ ಸವರಿದರು. “ತಮ್ಮಾ, ಇಲ್ಲೆ ಕೆಂಪು ಚುಕ್ಕಿ ಇತ್ತಲ್ಲ, ನೋಡ್ಲಿಲ್ಲೇನು?”

ನೋಡಿದ್ದೆವು. ಯಾವುದೋ ಬಣ್ಣದ ಹನಿ ಬಿದ್ದಿದೆಯೆಂದು ತಿಳಿದು ಅದರ ಮೇಲೆಯೇ ಕಪ್ಪು ಹೊಡೆಸಿದ್ದೆವು.

ಆ ಕಾಲದ ಅನೇಕ ಇಂಗ್ಲಿಷ್ ಗಾಡಿಗಳಂತೆ ಇದರಲ್ಲಿಯೂ ಚಾಸಿಗೆ ಸೇರಬೇಕಾದದ್ದು ಬ್ಯಾಟರಿಯ ಧನ ತುದಿ. ತಿರುಗುಮುರುಗಾದರೆ ದೀಪವೇನೋ ಉರಿಯುತ್ತದೆ, ಅದಕ್ಕೆ ಎರಡೂ ಒಂದೇ. ಆದರೆ ಇಂಜಿನ್ ವೇಗ ಹಿಡಿದು ಕಟ್‌ಔಟಿನ ತುಟಿಗಳು ಕೂಡಿದಾಗ ಡೈನಮೋ ಬ್ಯಾಟರಿಯನ್ನು ತುಂಬುವ ಬದಲು ಎರಡರ ಬಲವೂ ಒಂದಾಗಿ ತಂತಿಯ ಮೇಲೆ ಹರಿಯುತ್ತದೆ. ತಂದೆಯವರು ತಾವೂ ಒಮ್ಮೆ ಹೀಗೆಯೇ ಸುಟ್ಟುಕೊಂಡು, ಅಂದೇ ಆ ಚುಕ್ಕೆ ಇಟ್ಟರಂತೆ. ಅರವತ್ತು ವರ್ಷಗಳಲ್ಲಿ ಈ ಮಾತನ್ನು ಅವರು ನಮಗೆ ಹೇಳಿದ್ದೇ ಇಲ್ಲ.

ಆಗ ನಮಗೆ 1964ರ ಒಂದು ರಾತ್ರಿ ನೆನಪಾಯಿತು. ಬ್ಯಾಡಗಿಯಿಂದ ಮರಳುವಾಗ ದೀಪ ಆರಿಹೋಗಿತ್ತು. ಕಿಡಿಯನ್ನು ಮ್ಯಾಗ್ನೆಟೊ ತಾನೇ ಹುಟ್ಟಿಸುವುದರಿಂದ ಬ್ಯಾಟರಿ ಸತ್ತರೂ ಇಂಜಿನ್ ನಿಲ್ಲುವುದಿಲ್ಲ. ಟ್ಯಾಂಕಿನ ಮೇಲೆ ಆರು ವರ್ಷದ ನಾವು. ಹಿಂದೆ ಕುಳಿತ ತಾಯಿಯವರು ತಂದೆಯ ಭುಜದ ಮೇಲಿಂದ ಟಾರ್ಚು ಹಿಡಿದು ಮನೆ ಮುಟ್ಟಿಸಿದ್ದರು. ಕಾರಣ ಕೇಳಿದವರಿಗೆಲ್ಲ ತಂದೆಯವರು ಬ್ಯಾಟರಿ ಸರಿಯಿರಲಿಲ್ಲವೆಂದೇ ಹೇಳುತ್ತಿದ್ದರು.

ಮತ್ತೆ ಹದಿನೈದು ದಿನ. ಕಟ್‌ಔಟನ್ನು ಬದಲಿಸಿದೆವು. ಧನ ತುದಿಯನ್ನು ಚಾಸಿಗೆ ಬಿಗಿದು, ಬ್ಯಾಟರಿಯ ಇನ್ನೊಂದು ತುದಿಯ ತಂತಿಯನ್ನು ಡೈನಮೋದ ಫೀಲ್ಡ್ ತುದಿಗೆ ಒಂದು ಕ್ಷಣ ತಾಗಿಸಿ ಅದರ ಕಾಂತವನ್ನು ಸರಿಯಾದ ದಿಕ್ಕಿಗೆ ತಂದೆವು. 15 ಆಂಪಿಯರಿನ ಫ್ಯೂಸೊಂದನ್ನು ಹಾಕಿದೆವು. ತಂದೆಯವರು ಇದಕ್ಕೆ ಮಾತ್ರ ತಕರಾರಿಲ್ಲದೆ ಒಪ್ಪಿದರು. ಕೆಂಪು ಚುಕ್ಕೆಯನ್ನು ಅವರ ಕೈಯಿಂದಲೇ ಇಡಿಸಿದೆವು. ಕೈ ನಡುಗಿ ಅದು ಚುಕ್ಕೆಯಾಗದೆ ಗೆರೆಯಾಯಿತು.

ಮಳೆ ಬಿಡುವು ಕೊಟ್ಟ ಒಂದು ಸಂಜೆ ಗಾಡಿಯನ್ನು ಅಂಗಳಕ್ಕೆ ತಂದು ಇಂಜಿನ್ ಹಚ್ಚಿದೆವು. ಎದುರಿನ ಕೆಂಪು ಕಲ್ಲಿನ ಗೋಡೆಯ ಮೇಲೆ ಹಳದಿ ಬೆಳಕು ಬಿತ್ತು. ಕುರ್ಚಿಯಲ್ಲಿ ಕುಳಿತಿದ್ದ ತಂದೆಯವರು ಮುಂದೆ ಬಾಗಿ ಹೆಡ್‌ಲೈಟಿನ ಗಾಜಿನ ಮೇಲೆ ಅಂಗೈ ಇಟ್ಟರು.

“ಮುಳ್ಳು ಯಾವ ಕಡೆ ಅದ?”

“ಬಲಕ್ಕ ಅದ ಅಪ್ಪಾರ. ಎರಡು ಆಂಪಿಯರ್.”

“ಹಿಂದಿನ ದೀಪ?”

ಹಿಂದಿನ ದೀಪ ಉರಿಯುತ್ತಿರಲಿಲ್ಲ. ಈ ಸಲ ನಾವು ಅದನ್ನು ಇದ್ದಂತೆಯೇ ಹೇಳಿದೆವು.